ಎರಡನೆಯ ಸ್ನಾನ

ಬಿದಿರಿನ ಕೋಲು ಇನ್ನೂ ಹಸುರಾಗಿತ್ತು.

ಮಹಾಂತಯ್ಯ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿದರು. ಗಿಣ್ಣು ಹೆರೆದ ಕಡೆಗಳಲ್ಲಿ ನಾರು ಎದ್ದು ನಿಂತಿತ್ತು. ತುದಿಯಲ್ಲಿ ಸವೆತವಿರಲಿಲ್ಲ, ನೀರಿನ ಕಲೆ ಇನ್ನೂ ಹಿಡಿದಿರಲಿಲ್ಲ. ಒಗೆದ ಮಡಿಸೀರೆಗಳನ್ನು ಕೈಯಿಂದ ಮುಟ್ಟದೆ ಗಳುವಿನ ಮೇಲೆ ಹರವುವ ಕೋಲು ಅದು. ಕಾಶಿಯ ಹನುಮಾನ್ ಘಾಟ್‌ನ ಈ ಕನ್ನಡ ಛತ್ರದಲ್ಲಿ ಹನ್ನೆರಡು ಮಂದಿ ವಿಧವೆಯರು ಪ್ರತಿದಿನವೂ ಬಳಸುವ ಕೋಲು ಇಷ್ಟು ಹೊಸದಾಗಿರುವುದು ಹೇಗೆ?

"ಹಳೇ ಕೋಲು ಎಲ್ಲಿ ಹೋತ್ರಿ, ಪ್ರಾಣೇಶಾಚಾರ್ರ?"

ಛತ್ರದ ವ್ಯವಸ್ಥಾಪಕ ಪ್ರಾಣೇಶಾಚಾರ್ಯ ಹಿಂಬಾಗಿಲ ಹೊಸ್ತಿಲಲ್ಲೇ ನಿಂತಿದ್ದ. ನಲವತ್ತೈದರ ಗಟ್ಟಿಮುಟ್ಟಾದ ಆಳು.

"ಮುರೀತು. ನೀವು ಅದನ್ನ ಮುಟ್ಟಬಾರ್ದಿತ್ತು, ಫೌಜದಾರ್ರ. ಈಗ ಅದನ್ನೂ ತೊಳೀಬೇಕು."

"ತೊಳೀತೀರೋ, ಹಳೇದರ ಗತಿ ಇದಕ್ಕೂ ಕಾಣಸ್ತೀರೋ?"

ಪ್ರಾಣೇಶ ಕೋಲಿನಿಂದ ದೃಷ್ಟಿ ತೆಗೆದು ಮೆಟ್ಟಿಲುಗಳ ಕಡೆ ನೋಡಿದ.

ಕೋಲು ಒರಗಿಸಿಡುವ ಆ ಜಗಲಿಯಿಂದಲೇ ಹತ್ತೊಂಬತ್ತು ಮೆಟ್ಟಿಲುಗಳು ಗಂಗೆಗೆ ಇಳಿಯುತ್ತಿದ್ದವು. ಸಂಶೋಧಕ ವಿದ್ಯಾರ್ಥಿ ಬಾಲಚಂದ್ರ ಈ ಮೆಟ್ಟಿಲುಗಳಿಂದ ಉರುಳಿ ಮೂರು ದಿನವಾಗಿತ್ತು. ಅವನು ಜಾರಿ ಬಿದ್ದನೆಂದು ಛತ್ರದ ಏಳು ಮಂದಿ ಠಾಣೆಗೆ ಒಂದೇ ಮಾತು ಹೇಳಿದ್ದರು. ಅವನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಧಾರವಾಡದ ಕಡೆ ಮೂವತ್ತು ವರ್ಷ ಪೊಲೀಸ್ ಫೌಜದಾರಿಕೆ ಮಾಡಿ, ನಿವೃತ್ತಿಯ ಅನಂತರ ಪಕ್ಕದ ಗಲ್ಲಿಯಲ್ಲಿ ಕೋಣೆ ಹಿಡಿದು ನೆಲೆಸಿದ್ದ ಮಹಾಂತಯ್ಯನವರು ಆ ಒಂದೇ ಮಾತನ್ನು ನಂಬಿರಲಿಲ್ಲ. ಏಳು ಬಾಯಿಗಳು ಒಂದೇ ವಾಕ್ಯವನ್ನು ಒಂದೇ ಕ್ರಮದಲ್ಲಿ ಹೇಳಿದರೆ ಅದು ಕಂಡದ್ದಲ್ಲ, ಕಲಿತದ್ದು.

"ನಿನ್ನೆ ಆಸ್ಪತ್ರಿಗೆ ಹೋಗಿದ್ದೆ," ಎಂದರು ಅವರು. "ಡಾಕ್ಟರ್ ವಸಂತಾ ಅವರು ನಮ್ಮ ಕಡೆಯವರ. ಹುಡುಗನ ಎದಿ ಮ್ಯಾಲೆ, ನಟ್ಟನಡುವ, ಹೆಬ್ಬೆರಳಿನಷ್ಟು ದುಂಡಗ ಕಂದಿದ ಗುರುತು ತೋರಿಸಿದ್ರು. ಜಾರಿ ಅಂಗಾತ ಬಿದ್ದವನಿಗೆ ಎದಿ ಮ್ಯಾಲೆ ಗುರುತು ಹ್ಯಾಂಗ ಬರ್ತದ್ರಿ?"

"ನಾ ಡಾಕ್ಟರಲ್ಲ."

"ದಶಾಶ್ವಮೇಧ ಘಾಟದ ಹತ್ರ ಬಿದಿರು ಮಾರೋ ಮುದುಕನೂ ಡಾಕ್ಟರಲ್ಲ. ಆದ್ರ ಅವನಿಗೆ ನೆನಪು ಛಲೋ ಐತಿ. ಸೋಮವಾರ ಮುಂಜಾನೆ ತೊಯ್ದ ಧೋತರದಾಗ ಒಬ್ಬ ಪಂಡಿತಜೀ ಓಡಿ ಬಂದು ಕೋಲು ಒಯ್ದ ಅಂತ. ಧೋತರದಿಂದ ನೀರು ಸೋರಿ ಅಂಗಡಿ ಮುಂದ ಕೆಸರಾತು ಅಂತ ಇನ್ನೂ ಬೈಲಿಕ್ಕತ್ತಿದ್ದ."

ಪ್ರಾಣೇಶನ ಕೈ ತಾನಾಗಿಯೇ ಧೋತರದ ಅಂಚನ್ನು ಹಿಡಿಯಿತು.

"ಗಂಗಾ ದಂಡಿ ಮ್ಯಾಲೆ ಇರೋವ ನಾನು. ತೊಯ್ದ ಧೋತರ ಅಪರಾಧ ಏನ್ರಿ?"

"ನೀವು ಐದು ಗಂಟೆಕ್ಕ ಸ್ನಾನ ಮಾಡವ್ರು. ಆರಕ್ಕ ಪೂಜಿ. ಹುಡುಗ ಬಿದ್ದದ್ದು ಎಂಟೂವರಿಗೆ. ಒಂಬತ್ತಕ್ಕ ಮತ್ತ ಯಾಕ ಮುಳುಗಿದ್ರಿ?"

ಪ್ರಾಣೇಶ ತಲೆ ತಗ್ಗಿಸಿದ.

"ನಾನ ಹೇಳ್ತೀನಿ. ಬರೇ ಜಗಳ ಆಡಿದವ ಕೈ ತೊಳಕೋತಾನ. ಮೈಲಿಗಿ ಆತು ಅನ್ನೋವ ಅಷ್ಟ ಉಟ್ಟ ಬಟ್ಟಿ ಮ್ಯಾಲೆ ಮುಳುಗ್ತಾನ. ಆ ಹುಡುಗ ಯಾವ ಜಾತಿಯವ ಅಂತ ಗೊತ್ತಾದ ಮ್ಯಾಲೆ ನಡೆದದ್ದು ಇದು. ಹೌದೋ ಅಲ್ಲೋ?"

ಪ್ರಾಣೇಶ ತಲೆಯೆತ್ತಿದ. ಕಣ್ಣುಗಳಲ್ಲಿ ಮಹಾಂತಯ್ಯ ನಿರೀಕ್ಷಿಸಿದ್ದ ಭಯವಿರಲಿಲ್ಲ. ಬಹಳ ದಣಿದವನ ನೋಟವಿತ್ತು.

"ಹದಿನೈದು ದಿನದ ಹಿಂದ ಅವ ನಿಮ್ಮ ಹತ್ರನ ಬಂದಿದ್ದನಲ್ರಿ, ಫೌಜದಾರ್ರ. ಅವತ್ತು ನೀವು ಅವನಿಗೆ ಏನ್ ಹೇಳಿ ಕಳಿಸಿದ್ರಿ?"

ಕೆಳಗೆ ನದಿಯಲ್ಲಿ ಯಾರೋ ದೋಣಿಯನ್ನು ದಡಕ್ಕೆ ಎಳೆಯುತ್ತಿದ್ದರು. ಮಹಾಂತಯ್ಯ ಕೋಲನ್ನು ಗೋಡೆಗೆ ಒರಗಿಸಿ ತಿರುಗಿ ನೋಡದೆ ಒಳಗೆ ನಡೆದರು.

ಏನು ಹೇಳಿ ಕಳಿಸಿದ್ದರು? ಒಂದೊಂದು ಮಾತೂ ಅವರಿಗೆ ನೆನಪಿತ್ತು.

ರಾಯಚೂರಿನ ಕಡೆಯ ಬಾಲಚಂದ್ರ ವಿಶ್ವವಿದ್ಯಾಲಯದ ಒಬ್ಬ ಕನ್ನಡ ಪ್ರಾಧ್ಯಾಪಕರ ಶಿಫಾರಸು ಪತ್ರ ಹಿಡಿದು ಈ ಛತ್ರಕ್ಕೆ ಬಂದವನು. ಕನ್ನಡ ಮಾತು ಕಿವಿಗೆ ಬಿದ್ದ ಸಂತೋಷದಲ್ಲಿ ಯಾರೂ ಕುಲ ಕೇಳಿರಲಿಲ್ಲ. ಏಳು ತಿಂಗಳು ಕಳೆದ ಮೇಲೆ ಅವನ ವಿದ್ಯಾರ್ಥಿವೇತನದ ಸರಕಾರಿ ಪತ್ರವೊಂದು ಬಂತು. ಛತ್ರವಾಸಿ ನಾರಾಯಣಪ್ಪ ಅದನ್ನು ಒಡೆದು ಓದಿದ. ಪರಿಶಿಷ್ಟ ಜಾತಿಯೆಂಬ ಎರಡು ಪದಗಳು ಸಂಜೆಯೊಳಗೆ ಎಲ್ಲ ಕೋಣೆಗಳನ್ನೂ ಸುತ್ತಿ ಬಂದವು. ಮಾರನೆಯ ದಿನ ಅವನ ಬಾಗಿಲಿಗೆ ಸಗಣಿ ಬಳಿದಿತ್ತು. ಅಂಗಳದ ನಲ್ಲಿಗೆ ಬೀಗ ಬಿದ್ದಿತ್ತು.

"ಠಾಣೆಗೆ ಹೋಗಲೇನ್ರಿ, ಸರ್?" ಎಂದು ಅವನು ಕೇಳಿದ್ದ.

"ಬ್ಯಾಡೋ ತಮ್ಮಾ. ಪರಊರು. ಇಲ್ಲಿ ನಾವು ಇರೋದ ನಾಕು ಮನಿ. ಹಿಂದಿ ಮಂದಿ ಮುಂದ ನಮ್ಮ ಮಾನ ಯಾಕ ಕಳಕೊಳ್ಳೋದು? ನಾ ಪ್ರಾಣೇಶನ ಜೋಡಿ ಮಾತಾಡ್ತೀನಿ. ನಮ್ಮ ನಮ್ಮೊಳಗ ಮುಗಸೋಣ."

"ಆಗ್ಲಿ, ಸರ್," ಎಂದಿದ್ದ ಬಾಲಚಂದ್ರ. ಎದುರಾಡುವ ಹುಡುಗನಲ್ಲ.

ಪರಸ್ಥಳದಲ್ಲಿ ಬದುಕುವ ಸಣ್ಣ ಸಮುದಾಯಗಳು ತಮ್ಮ ಹೆಸರಿಗೆ ಹೆದರಿದಷ್ಟು ಮತ್ತಾವುದಕ್ಕೂ ಹೆದರುವುದಿಲ್ಲ. ದೂರು ಕೊಟ್ಟರೆ ಮಾನ ಹೋಗುತ್ತದೆಂದು ನಂಬುವ ಹಿರಿಯರು, ಸಗಣಿ ಬಳಿದ ದಿನವೇ ಅದು ಹೋಯಿತೆಂಬುದನ್ನು ಕಾಣಲಾರರು. ಕಾನೂನು ತಿಳಿಯದವನ ಮೌನಕ್ಕೆ ಕ್ಷಮೆಯುಂಟು. ಮೂವತ್ತು ವರ್ಷ ಕಾನೂನಿನ ಸಮವಸ್ತ್ರ ತೊಟ್ಟವನ ಮೌನಕ್ಕೆ ಏನುಂಟು? ಅಂದು ಒಂದು ಹಾಳೆ ಬರೆದು ಹುಡುಗನ ಜೊತೆ ಠಾಣೆಯವರೆಗೆ ನಡೆದಿದ್ದರೆ, ಇಂದು ಆಸ್ಪತ್ರೆಯ ಮಂಚದ ಬಳಿ ತಲೆ ತಗ್ಗಿಸಿ ನಿಲ್ಲುವ ಪ್ರಸಂಗ ಅವರಿಗೆ ಬರುತ್ತಿರಲಿಲ್ಲ.

ಠಾಣೆಯ ದಾರೋಗಾ, ಅಂದರೆ ಅಲ್ಲಿಯ ಫೌಜದಾರ, ನಾಳೆ ಬೆಳಿಗ್ಗೆ ಕಡತ ಮುಚ್ಚುತ್ತೇನೆಂದು ತಿಳಿಸಿದ್ದ. ಅಪಘಾತವೆಂದು ಬರೆದು ಮುಚ್ಚುವ ಮೊದಲು ಛತ್ರದ ಒಬ್ಬರಾದರೂ ಬಾಯಿ ಬಿಡಬೇಕಿತ್ತು. ಆ ಒಬ್ಬರು ಯಾರೆಂದು ಮಹಾಂತಯ್ಯನವರಿಗೆ ತಿಳಿದಿತ್ತು.

ಗೋದಾಬಾಯಿ ತಮ್ಮ ಕೋಣೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಕೆಂಪು ಸೀರೆಯ ಸೆರಗು ಬೋಳುತಲೆಯ ಮೇಲೆ. ಎಪ್ಪತ್ತೆರಡು ವರ್ಷ. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಾಗಲಕೋಟೆಯ ಕಡೆಯ ಹಳ್ಳಿಯಿಂದ ಬಂದು ಹನ್ನೊಂದು ವರ್ಷವಾಗಿತ್ತು. ಬಾಲಚಂದ್ರ ಅವರಿಗೆ ಊರಿನಿಂದ ಬಂದ ಪತ್ರ ಓದಿ ಹೇಳುತ್ತಿದ್ದ. ಅವರು ಅವನಿಗೆ ಮೆಂತ್ಯದ ಹಿಟ್ಟು ಕಲಸಿ ಕೊಡುತ್ತಿದ್ದರು. ಅವನು ಬಿದ್ದಂದಿನಿಂದ ಆಕೆ ಅನ್ನ ಮುಟ್ಟಿಲ್ಲವೆಂದು ಪಕ್ಕದ ಕೋಣೆಯ ಸುಂದರಮ್ಮ ಹೇಳಿದ್ದರು.

ಠಾಣೆಗೆ ಹೇಳಿಕೆ ಕೊಟ್ಟ ಏಳು ಮಂದಿಯಲ್ಲಿ ಆಕೆ ಇರಲಿಲ್ಲ.

"ಅಕ್ಕಾರ, ಸೋಮವಾರ ಮುಂಜಾನೆ ನೀವು ಜಗಲಿ ಮ್ಯಾಲೆ ಇದ್ರಿ," ಎಂದರು ಮಹಾಂತಯ್ಯ, ಹೊಸ್ತಿಲ ಹೊರಗೇ ಕುಳಿತು.

"ಇದ್ದೆ."

"ಹುಡುಗ ಜಾರಿ ಬಿದ್ದನೇನ್ರಿ?"

ಬತ್ತಿ ಹೊಸೆಯುವ ಬೆರಳು ನಿಂತಿತು. "ಇಲ್ಲ."

ಅಷ್ಟು ಸುಲಭವಾಗಿ ಆ ಮಾತು ಬರುವುದೆಂದು ಮಹಾಂತಯ್ಯ ಎಣಿಸಿರಲಿಲ್ಲ.

"ಹಂಗಾದ್ರ ಠಾಣೆಗೆ ಬಂದು ಇಷ್ಟ ಹೇಳ್ರಿ."

"ಹೇಳಿದ್ರ ಈ ಕೋಣಿ ಹೋಗ್ತದ. ಹನ್ನೊಂದು ವರ್ಷ ಇಲ್ಲಿ ಸಾವಿನ ದಾರಿ ಕಾದೀನಿ, ಫೌಜದಾರ್ರ. ಈಗ ಹೊರಗ ಹಾಕಿದ್ರ ಎಲ್ಲಿಗೆ ಹೋಗಲಿ? ಊರಾಗ ನನ್ನ ಹೆಸರು ಹೇಳೋವ್ರು ಯಾರೂ ಉಳದಿಲ್ಲ."

ಸುಳ್ಳು ಧೈರ್ಯ ಹೇಳಲು ಮಹಾಂತಯ್ಯ ಒಪ್ಪಲಿಲ್ಲ. "ಹೋಗಬಹುದ್ರಿ," ಎಂದರು.

ಗೋದಾಬಾಯಿ ಹೊಸೆದ ಬತ್ತಿಗಳನ್ನು ಒಟ್ಟುಗೂಡಿಸಿ ಡಬ್ಬಿಗೆ ಹಾಕಿದರು.

"ದೂರು ಕೊಡ್ಲಿಕ್ಕೆ ಓದು ಬರಹ ಬೇಕೇನು?"

"ಬ್ಯಾಡ್ರಿ. ಬಾಯಿಲೆ ಹೇಳಿದ್ರ ಸಾಕು, ಬರಕೊಳ್ಳೋದು ಅವರ ಕೆಲಸ. ಬರದದ್ದನ್ನ ನಿಮಗ ಓದಿ ಹೇಳಬೇಕು. ಓದಿ ಹೇಳೋತನಕ ಹೆಬ್ಬಟ್ಟು ಒತ್ತಬ್ಯಾಡ್ರಿ. ಆಮ್ಯಾಲೆ ಒಂದು ನಕಲು ಕೇಳಿ ಇಸಕೊಳ್ರಿ. ಪುಕ್ಕಟ ಕೊಡಬೇಕು. ಈ ವರ್ಷ, ಎಪ್ಪತ್ನಾಕರ ಏಪ್ರಿಲ್‌ದಾಗ ಹೊಸಾ ಕಾಯ್ದೆ ಬಂದೈತಿ."

"ಬರಕೊಳ್ಳೋದಿಲ್ಲ ಅಂದ್ರ?"

"ಅದನ್ನ ಒಂದು ಹಾಳಿ ಮ್ಯಾಲೆ ಬರದು ಟಪಾಲಿನಾಗ ಎಸ್‌ಪಿ ಸಾಹೇಬ್ರಿಗೆ ಕಳಸೋದು. ಅವರೂ ಕೇಳಲಿಲ್ಲ ಅಂದ್ರ ಮ್ಯಾಜಿಸ್ಟ್ರೇಟ್ ಅದಾರ."

"ಪೆಟ್ಟು ತಿಂದವನ ಹೇಳಬೇಕಂತಿಲ್ಲ?"

"ಇಲ್ರಿ. ಗೊತ್ತಿದ್ದವರು ಯಾರರೆ ಹೇಳಬಹುದು. ಅವ ಈಗ ಹೇಳೋ ಸ್ಥಿತಿಯಾಗೂ ಇಲ್ಲ."

"ಏನೇನು ಹೇಳಬೇಕು?"

"ಯಾವ ದಿನ, ಯಾವ ಹೊತ್ತು, ಎಲ್ಲಿ, ಯಾರು ಇದ್ರು. ಅವತ್ತಿನದಷ್ಟ ಅಲ್ಲ, ಅದಕ್ಕೂ ಮುಂಚಿನದು, ಬಾಗಿಲಿಗೆ ಬಳದದ್ದು, ನಳಕ್ಕ ಬೀಗ ಹಾಕಿದ್ದು, ಎಲ್ಲಾ. ಮತ್ತ ಏನ್ ಅಂದು ಬೈದ್ರು, ಅದು ಮುಖ್ಯ. ಬರೇ ಹೊಡದಾಟ ಬ್ಯಾರೆ. ಜಾತಿಗಾಗಿ ಹೊಡದದ್ದು ಬ್ಯಾರೆ. ನದಿ, ಘಾಟು, ನಳ, ಛತ್ರ, ಇವಕ್ಕ ಬಂದವನನ್ನ ಜಾತಿ ಸಲುವಾಗಿ ತಡದ್ರ ಅದಕ್ಕಂತನ ಐವತ್ತೈದರ ಕಾಯ್ದೆ ಐತಿ. ಅದನ್ನ ಬರಸದಿದ್ರ ಅವನಿಗೆ ಆದ ಅನ್ಯಾಯ ಅರ್ಧ ಮುಚ್ಚಿ ಹೋಗ್ತದ."

ಗೋದಾಬಾಯಿ ಸೆರಗನ್ನು ಸರಿಪಡಿಸಿಕೊಂಡರು.

"ನಾವು ಮಾಡಿದ್ದೂ ಇದ್ರ? ಅದನ್ನೂ ಹೇಳಬೇಕೇನು?"

ಆ ಪ್ರಶ್ನೆ ತಮ್ಮ ಎದೆಗೇ ತಾಗಿದಂತೆ ಮಹಾಂತಯ್ಯ ತಲೆ ತಗ್ಗಿಸಿದರು. "ಸುಮ್ಮನಿದ್ದದ್ದೂ ಮಾಡಿದಂಗನ, ಅಕ್ಕಾರ. ಹೇಳ್ರಿ. ನಾನೂ ನನ್ನದನ್ನ ಹೇಳ್ತೀನಿ. ಅವನನ್ನ ಠಾಣೆಗೆ ಹೋಗಬ್ಯಾಡ ಅಂದವ ನಾನ."

"ಹಂಗಾರ ರಿಕ್ಷಾ ತರಸ್ರಿ," ಎಂದು ಗೋದಾಬಾಯಿ ಗೋಡೆ ಹಿಡಿದು ಎದ್ದರು.

ಹೊರಬಾಗಿಲಲ್ಲಿ ಪ್ರಾಣೇಶ ಅಡ್ಡ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಗೋದಕ್ಕ, ಬ್ಯಾಡ. ನಾ ಎಲ್ಲಾ ನೋಡಕೋತೀನಿ ಅಂದಿದ್ದಿಲ್ಲೇನು? ಕೈ ಮುಗೀತೀನಿ, ಒಳಗ ನಡೀರಿ."

"ದಾರಿ ಬಿಡು, ಪ್ರಾಣೇಶ."

"ಹೊರಗ ಕಾಲಿಟ್ರ ತಿರುಗಿ ಬರೋದು ನಿಮ್ಮ ಕೈಯಾಗಿಲ್ಲ."

"ಬೆದರಿಕಿ ಹಾಕಿದ್ದನ್ನೂ ಬರಸ್ತೀನಿ, ಆಚಾರ್ರ," ಎಂದರು ಮಹಾಂತಯ್ಯ.

ಪ್ರಾಣೇಶ ಅವರನ್ನು ನೋಡಿ ನಕ್ಕ. ಸಂತೋಷವಿಲ್ಲದ ನಗು. ಅನಂತರ ಪಕ್ಕಕ್ಕೆ ಸರಿದು ನಿಂತ.

ಠಾಣೆಯ ಅಂಗಳದಲ್ಲಿ ಕಾರ್ತಿಕದ ಎಳೆಬಿಸಿಲಿತ್ತು. ದಾರೋಗಾ ಎಳೆಯ ವಯಸ್ಸಿನವನು, ಬಾಯಲ್ಲಿ ಪಾನ್. ಮುದುಕಿಯನ್ನು ಕಂಡು ಎದ್ದು ಕುರ್ಚಿ ಕೊಟ್ಟನಾದರೂ, ಮಹಾಂತಯ್ಯನವರು ವಿಷಯ ಹೇಳಿದೊಡನೆ ಮುಖ ಗಂಟಿಕ್ಕಿದ.

"ಅರೇ ಬಾಬೂಜೀ, ವಹ್ ತೋ ಫಿಸಲ್ ಗಯಾ ಥಾ ನ?" ಜಾರಿ ಬಿದ್ದನೆಂದು ಏಳು ಮಂದಿ ಹೇಳಿರುವಾಗ ಎಂಟನೆಯವರ ಮಾತಿನಿಂದೇನು, ನಿಮ್ಮ ನಿಮ್ಮಲ್ಲೇ ಸಮಾಧಾನ ಮಾಡಿಕೊಳ್ಳಬಾರದೆ ಎಂದು ಅವನು ಹಿಂದಿಯಲ್ಲಿ ಕೇಳಿದ.

ಹದಿನೈದು ದಿನಗಳ ಹಿಂದೆ ತಾವೇ ಆಡಿದ ಮಾತು ಬೇರೆ ಭಾಷೆಯಲ್ಲಿ ಮರಳಿ ಬಂದದ್ದನ್ನು ಕೇಳಿ ಮಹಾಂತಯ್ಯನವರ ಕಿವಿ ಬಿಸಿಯಾಯಿತು.

"ಮಾಹಿತಿ ಕೊಡಲು ಬಂದಿದ್ದಾರೆ. ಬರೆದುಕೊಳ್ಳುವುದು ನಿಮ್ಮ ಕರ್ತವ್ಯ. ಒಲ್ಲೆನೆಂದರೆ ಈ ಕ್ಷಣವೇ ಅಂಚೆ ಕಚೇರಿಗೆ ಹೋಗುತ್ತೇನೆ," ಎಂದರು ಅವರು ಹಿಂದಿಯಲ್ಲೇ. "ನಾನೂ ನಿಮ್ಮ ಕುರ್ಚಿಯಂಥ ಕುರ್ಚಿಯಲ್ಲಿ ಕುಳಿತವನು."

ದಾರೋಗಾ ಅವರನ್ನು ಅಳೆದು ನೋಡಿದ. ಪಾನ್ ಉಗುಳಿ ಬಂದ. ದೊಡ್ಡ ಪುಸ್ತಕ ತೆರೆದು, ಹಾಳೆಗಳ ನಡುವೆ ಕಾರ್ಬನ್ ಜೋಡಿಸಿದ.

"ಬತಾಯಿಯೇ," ಹೇಳಿ ಎಂದ.

ಗೋದಾಬಾಯಿ ಕನ್ನಡದಲ್ಲಿ ಹೇಳಿದರು, ಮಹಾಂತಯ್ಯ ಹಿಂದಿಗೆ ತಿರುಗಿಸಿದರು, ದಾರೋಗಾ ಬರೆದ. ಪತ್ರ ಒಡೆದವನು ನಾರಾಯಣಪ್ಪ. ಬಾಗಿಲಿಗೆ ಸಗಣಿ ಬಳಿದವನೂ ಅವನೇ. ಆಕೆ ಕಣ್ಣಾರೆ ಕಂಡಿದ್ದರು. ನಲ್ಲಿಗೆ ಬೀಗ ಹಾಕಿಸಿದವನು ಪ್ರಾಣೇಶ. ಊಟದ ಪಂಕ್ತಿಯಿಂದ ಎಬ್ಬಿಸಿದಾಗ ಯಾರು ಯಾವ ಮಾತಾಡಿದರೆಂಬುದನ್ನೂ ಆಕೆ ಮರೆಯದೆ ಹೇಳಿದರು. ಆ ಮಾತುಗಳನ್ನು ಹಿಂದಿಯಲ್ಲಿ ಹೇಳಲು ಮಹಾಂತಯ್ಯನವರ ನಾಲಿಗೆ ತಡವರಿಸಿತು. ಆದರೂ ಹೇಳಿದರು. ಅವುಗಳ ಜೊತೆಗೆ, ದೂರು ಕೊಡಬೇಡವೆಂದು ಹುಡುಗನನ್ನು ತಡೆದವನು ತಾನೆಂಬುದನ್ನೂ ಬರೆಸಿದರು.

ದಾರೋಗಾನ ಲೇಖನಿ ಈಗ ವೇಗವಾಗಿ ಓಡುತ್ತಿತ್ತು. ಅವನ ಮುಖದ ಬೇಸರ ಹೋಗಿತ್ತು.

"ಸೋಮವಾರ ಎಂಟೂವರಿಗೆ ಜಗಲಿ ಮ್ಯಾಲೆ ಯಾರ್ಯಾರು ಇದ್ರು, ಅಕ್ಕಾರ?"

"ನಾ ಇದ್ದೆ. ಹುಡುಗ ಬಂದ. ಯುನಿವರ್ಸಿಟಿ ಕಡೆ ಲಂಕಾ ಓಣಿಯಾಗ ಕೋಣಿ ಸಿಕ್ಕದ ಅಜ್ಜಿ, ಹೊಂಟೀನಿ ಅಂದ. ಟ್ರಂಕು ಕಟ್ಟಿಟ್ಟಿದ್ದ. ಬಾಗಿಲೊಳಗ ಪ್ರಾಣೇಶ ಇದ್ದ."

"ಎದಿಗೆ ಕೋಲು ಹಚ್ಚಿ ನೂಕಿದ್ರು. ಹೌದಲ್ರಿ?"

"ಹೌದು."

ಮಹಾಂತಯ್ಯ ಅದನ್ನು ಹಿಂದಿಯಲ್ಲಿ ಹೇಳಿದರು. ದಾರೋಗಾ ಬರೆದು, ಹೆಸರಿಗಾಗಿ ಜಾಗ ಬಿಟ್ಟು ತಲೆಯೆತ್ತಿದ.

"ಕೋಲು ಹಿಡಿದವರ ಹೆಸರು ನಿಮ್ಮ ಬಾಯಿಂದ ಬರಬೇಕು, ಅಕ್ಕಾರ. ಹೆದರಬ್ಯಾಡ್ರಿ. ಪ್ರಾಣೇಶ ಯಾಕ ಎರಡನೇ ಸಲ ಮುಳುಗಿದ ಅಂತ ನನಗ ಗೊತ್ತಾಗೇದ."

ಗೋದಾಬಾಯಿ ಅವರನ್ನೇ ನೋಡಿದರು. ಆ ನೋಟದಲ್ಲಿ ಕನಿಕರವಿತ್ತು.

"ನಿಮಗ ಗೊತ್ತಾಗಿಲ್ಲ, ಫೌಜದಾರ್ರ. ಅವ ಮುಳುಗಿದ್ದು ಖರೇ. ಹುಡುಗ ಬಿದ್ದ ಕೂಡ್ಲೆ ಓಡಿ ಇಳದು ಎತ್ತಿದವ ಅವನ. ತಲಿ ತೊಡಿ ಮ್ಯಾಲೆ ಇಟ್ಟುಕೊಂಡು ನೆತ್ತರ ಒರಸಿದ. ಆಮ್ಯಾಲೆ ಮುಳುಗಿದ. ಮುಟ್ಟಿದವರು ಮುಳುಗಬೇಕಲ್ರಿ."

ಮಹಾಂತಯ್ಯ ಆಕೆಯ ಕಡೆ ಪೂರ್ತಿ ತಿರುಗಿದರು.

"ಕೋಲು ಹಿಡದವರಿಗೆ ಮುಳುಗೋ ಕೆಲಸ ಏನದ? ಮೈಲಿಗಿ ಆಗಬಾರದು ಅಂತನ ಅಲ್ಲೇನು ಕೋಲು ಇರೋದು?"

ಎಷ್ಟು ಸರಳ. ಮೂರು ದಿನ ಅವರು ಆ ಒದ್ದೆ ಧೋತರದ ಬೆನ್ನು ಹತ್ತಿದ್ದರು. ಮುಟ್ಟಲೊಲ್ಲದ ಕೈ ಕೋಲನ್ನು ಹಿಡಿಯುತ್ತದೆ; ಕೋಲು ಹಿಡಿದ ಕೈ ಒಣಗಿಯೇ ಉಳಿಯುತ್ತದೆ. ಒದ್ದೆಯಾದವನು ಮುಟ್ಟಿದವನು. ಬೀಗ ಹಾಕಿಸಿದ ಪ್ರಾಣೇಶ ನಿರ್ದೋಷಿಯಲ್ಲ. ಎತ್ತಿದ ಮೇಲೂ ಮೈಲಿಗೆ ಕಳೆಯಲು ಓಡಿದವನು ಅವನು, ಹಳೆಯ ಕೋಲನ್ನು ಮರೆಮಾಡಿ ಏಳು ಬಾಯಿಗಳಿಗೆ ಸುಳ್ಳು ಕಲಿಸಿದವನೂ ಅವನೇ. ಆದರೂ ಅಂದು ಆ ಹುಡುಗನನ್ನು ಮುಟ್ಟಿದ್ದು ಅವನೊಬ್ಬನೇ.

"ಹೋಗೋ ಮುಂದ ಕಾಲಿಗೆ ಬೀಳ್ತೀನಿ ಅಂತ ಬಗ್ಗಿದ," ಗೋದಾಬಾಯಿಯ ದನಿ ಏರಲಿಲ್ಲ, ಇಳಿಯಲಿಲ್ಲ. "ನಾ ಮಡಿಯೊಳಗಿದ್ದೆ. ಸೀರಿ ಹರವ್ಲಿಕ್ಕೆ ಕೋಲು ಕೈಯಾಗಿತ್ತು. ದೂರ ಸರಿ ಅಂದೆ. ಒಂದ ಸಲ ಅಜ್ಜಿ, ಅಂದ. ಅವನ ಜಾತಿ ಹೆಸರು ಹಿಡದು ಬೈದೆ. ಏಳು ತಿಂಗಳು ನನಗ ಪತ್ರ ಓದಿ ಹೇಳಿದ ಹುಡುಗ. ಮತ್ತೂ ಕೈ ಮುಂದ ಚಾಚಿದ. ಕೋಲಿನ ತುದಿ ಎದಿಗಿಟ್ಟು ನೂಕಿದೆ."

ಕಣ್ಣಿಂದ ಇಳಿದ ನೀರನ್ನು ಆಕೆ ಒರೆಸಿಕೊಳ್ಳಲಿಲ್ಲ.

"ಬರಸ್ರಿ, ಫೌಜದಾರ್ರ. ಗೋದಾಬಾಯಿ ಅಂತ ಬರಸ್ರಿ."

ದಾರೋಗಾನಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. ಮುದುಕಿಯ ಕಣ್ಣೀರು ಕಂಡು ಅವನ ದನಿ ಮೃದುವಾಯಿತು. ಖಾಲಿ ಬಿಟ್ಟ ಜಾಗದ ಮೇಲೆ ಲೇಖನಿ ಊರಿ ಮಹಾಂತಯ್ಯನವರ ಕಡೆ ತಿರುಗಿದ.

"ಮಾತಾಜೀ ಕ್ಯಾ ಕಹ ರಹೀ ಹೈಂ, ಬಾಬೂಜೀ? ಕಿಸಕಾ ನಾಮ್ ಲಿಖೂಂ?" ಮಾತಾಜಿ ಏನನ್ನುತ್ತಿದ್ದಾರೆ, ಯಾರ ಹೆಸರು ಬರೆಯಲಿ?

ಆ ಠಾಣೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ ಇದ್ದರು. ಒಬ್ಬರು ಹೇಳಿ ಮುಗಿಸಿದ್ದರು.